ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆ, ಜೂನ್ 2: ಮೊದಲ ಸಲ ಮತ ಹಾಕುತ್ತಿದ್ದೇನೆ, ತಿಳಿದವರು ಹೇಳಿ

ಮಲ್ಲಿಗೆಬಳ್ಳಿ (ಮೇ 9, 2026)

ಎಲ್ಲರಿಗೂ ನಮಸ್ಕಾರ. ನಾವು ಫ್ರೀಮಾಂಟ್‌ನಲ್ಲಿದ್ದೇವೆ. ಹತ್ತೊಂಬತ್ತು ವರ್ಷ ಈ ದೇಶದಲ್ಲಿ ಕಳೆದ ಮೇಲೆ ಹೋದ ಡಿಸೆಂಬರಿನಲ್ಲಿ ನಾನು ಸಿಟಿಜನ್ ಆದೆ. ಊರಲ್ಲಿ ಕೊನೆಯ ಸಲ ಮತ ಹಾಕಿದ್ದು 2004ರಲ್ಲಿ, ವಿಧಾನಸಭೆ ಲೋಕಸಭೆ ಎರಡೂ ಒಟ್ಟಿಗೆ ಬಂದಿದ್ದ ಬೇಸಿಗೆಯಲ್ಲಿ. ಆಮೇಲೆ ಇಲ್ಲಿ ಹಕ್ಕಿರಲಿಲ್ಲ, ಅಲ್ಲಿಗೆ ಚುನಾವಣೆ ಹೊತ್ತಿಗೆ ಹೋಗಲು ಆಗಲಿಲ್ಲ. ಇಪ್ಪತ್ತೆರಡು ವರ್ಷ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮೊನ್ನೆ ಬುಧವಾರ ಅಂಚೆಯಲ್ಲಿ ಬ್ಯಾಲಟ್ ಬಂತು. ಲಕೋಟೆ ಮೇಲೆ ನನ್ನ ಹೆಸರು ನೋಡಿ ಅಂಚೆಪೆಟ್ಟಿಗೆ ಹತ್ತಿರವೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಒಳಗೆ ಬಂದು ಬಿಚ್ಚಿದರೆ ದಾರಿಯೇ ಕಾಣುತ್ತಿಲ್ಲ. ಗವರ್ನರ್ ಸ್ಥಾನಕ್ಕೇ ಹತ್ತಾರು ಹೆಸರು. ಚಿಹ್ನೆ ಇಲ್ಲ. ಒಂದೇ ಪಕ್ಷದ ಹೆಸರು ಎಷ್ಟೋ ಜನರ ಪಕ್ಕದಲ್ಲಿದೆ. ನಾನು ನೋಂದಣಿ ಮಾಡುವಾಗ ಯಾವ ಪಕ್ಷವನ್ನೂ ಆರಿಸಿಲ್ಲ. ಹಾಗಾದರೆ ಪ್ರೈಮರಿ ಎನ್ನುವ ಜೂನಿನ ಈ ಮೊದಲ ಸುತ್ತು ನನಗೆ ಸಂಬಂಧಪಟ್ಟಿದ್ದೇ? ಪಕ್ಷದವರು ತಮ್ಮೊಳಗೆ ಮಾಡಿಕೊಳ್ಳುವ ಆಯ್ಕೆ ಅಲ್ಲವೇ ಇದು?

ಇನ್ನೊಂದನ್ನು ಬಿಚ್ಚಿ ಹೇಳುತ್ತೇನೆ. ಗವರ್ನರ್ ಎಂದರೆ ನನ್ನ ಮನಸ್ಸಿಗೆ ಬರುವುದು ರಾಜಭವನ, ಪ್ರಮಾಣವಚನ ಬೋಧನೆ, ಘಟಿಕೋತ್ಸವದ ಭಾಷಣ. ಅಂಥ ಹುದ್ದೆಗೆ ಇಷ್ಟು ದೊಡ್ಡ ಚುನಾವಣೆ ಏಕೆ, ನಾನು ತಲೆಕೆಡಿಸಿಕೊಳ್ಳುವಷ್ಟು ಅದರಲ್ಲಿ ಏನಿದೆ? ಮಗಳು ಆರನೇ ತರಗತಿ. ಅವಳು ಕೇಳಿದಳು, ನನಗೆ ಉತ್ತರ ಹೇಳಲಾಗಲಿಲ್ಲ.

ನಮ್ಮ ಅತ್ತೆಯವರಿಗೂ ಬ್ಯಾಲಟ್ ಬಂದಿದೆ. ಎಪ್ಪತ್ತನಾಲ್ಕು ವರ್ಷ. ನಮ್ಮ ಭಾವನವರು 2009ರಲ್ಲಿ ಗ್ರೀನ್ ಕಾರ್ಡ್ ಮಾಡಿಸಿದ್ದರು. ಹದಿನೈದು ವರ್ಷ ತುಂಬಿದ ಹಿರಿಯರಿಗೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಇದೆಯಲ್ಲ, ಹಾಗಾಗಿ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರ ಹೇಳಿ ಹೋದ ವರ್ಷ ಸಿಟಿಜನ್ ಆದರು. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ನಾನು ಪಕ್ಕದಲ್ಲಿ ಕೂತು ಸಹಾಯ ಮಾಡಿದರೆ ತಪ್ಪಾಗುತ್ತದೆಯೇ?

ಕೊನೆಯದು, ನನಗೆ ನಿದ್ದೆ ಕೆಡಿಸಿರುವುದು. ನಮ್ಮನೆಯವರದು ಇನ್ನೂ ಗ್ರೀನ್ ಕಾರ್ಡ್, ಸಿಟಿಜನ್‌ಶಿಪ್ ಅರ್ಜಿ ನಡೆಯುತ್ತಿದೆ. ಅವರ ಹೆಸರಿಗೂ ಒಂದು ಬ್ಯಾಲಟ್ ಬಂದಿದೆ! ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಪರದೆ ಮೇಲೆ ಮತದಾರರ ನೋಂದಣಿ ಬಗ್ಗೆ ಏನೋ ಕೇಳಿತ್ತು, ಏನು ಒತ್ತಿದೆನೋ ನೆನಪಿಲ್ಲ ಎನ್ನುತ್ತಾರೆ. ಏನು ಮಾಡಬೇಕು?

(ಯಾರಿಗೆ ಹಾಕಬೇಕು ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಅದನ್ನು ನಾನೇ ಯೋಚಿಸಬೇಕು.)

---

ಕಾಗದಪತ್ರ (ಮೇ 9)

ಉಳಿದದ್ದನ್ನು ಬೇರೆಯವರು ಹೇಳಲಿ. ನಾನು ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಯಾಕೆಂದರೆ ಅದು ಕಾಯುವಂಥದ್ದಲ್ಲ.

ಆ ಬ್ಯಾಲಟ್ ಮೇಲೆ ಗುರುತು ಹಾಕಬೇಡಿ, ಲಕೋಟೆಗೆ ಸಹಿ ಮಾಡಬೇಡಿ, ವಾಪಸ್ ಕಳಿಸಬೇಡಿ. ಇದೇ ಹಾಳೆಯಲ್ಲಿ ಅಮೆರಿಕದ ಸಂಸತ್ತಿನ ಸ್ಥಾನವೂ ಇರುವುದರಿಂದ ಇದು ಫೆಡರಲ್ ಚುನಾವಣೆಯೂ ಹೌದು. ಸಿಟಿಜನ್ ಅಲ್ಲದವರು ಅದರಲ್ಲಿ ಮತ ಹಾಕುವುದು ಅಪರಾಧ. ಗ್ರೀನ್ ಕಾರ್ಡೇ ಹೋಗಿ ದೇಶ ಬಿಡಬೇಕಾಗಿ ಬರಬಹುದು. "ಬ್ಯಾಲಟ್ ಅವರೇ ಕಳಿಸಿದರು, ಹಾಗಾಗಿ ಹಾಕಿದೆ" ಎಂಬ ಮಾತು ಅಲ್ಲಿ ಕಾಪಾಡುವುದಿಲ್ಲ.

ಸೋಮವಾರವೇ ಕೌಂಟಿಯ (ಇಲ್ಲಿಯ ಜಿಲ್ಲೆಯ) ಚುನಾವಣಾ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ: ನಾನು ಇನ್ನೂ ಸಿಟಿಜನ್ ಅಲ್ಲ, ನೋಂದಣಿ ರದ್ದು ಮಾಡಿ ಎಂದು. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಕಳಿಸಿದ ಪತ್ರದ ಪ್ರತಿ, ಅವರ ಉತ್ತರ, ಸಹಿ ಮಾಡದ ಬ್ಯಾಲಟ್ಟಿನ ಫೋಟೋ, ಎಲ್ಲವನ್ನೂ ಜೋಪಾನವಾಗಿ ಇಡಿ. ಸಿಟಿಜನ್‌ಶಿಪ್ ಅರ್ಜಿಯಲ್ಲಿ "ಎಂದಾದರೂ ಮತದಾರರಾಗಿ ನೋಂದಾಯಿಸಿಕೊಂಡಿದ್ದೀರಾ" ಎಂಬ ಪ್ರಶ್ನೆ ಇದೆ. ಅರ್ಜಿ ಹಾಕುವಾಗ ತಿಳಿಯದೆ ಇಲ್ಲ ಎಂದು ಬರೆದಿರಬಹುದು. ಸಂದರ್ಶನದ ದಿನ ಅದನ್ನು ಹೇಗೆ ಸರಿಪಡಿಸಬೇಕು ಎನ್ನುವುದಕ್ಕೆ ವಲಸೆ ವಕೀಲರನ್ನು ಈಗಲೇ ನೋಡಿ. ನಾನು ವಕೀಲನಲ್ಲ. ನನ್ನ ಹತ್ತಿರದವರೊಬ್ಬರು ಇದನ್ನು ಹಗುರವಾಗಿ ತೆಗೆದುಕೊಂಡು ಎರಡು ವರ್ಷ ಒದ್ದಾಡಿದ್ದನ್ನು ಕಣ್ಣಾರೆ ಕಂಡವನು. ಅವರು ಮತವನ್ನೂ ಹಾಕಿರಲಿಲ್ಲ, ಹೆಸರು ತೆಗೆಸದೆ ಬಿಟ್ಟಿದ್ದರು ಅಷ್ಟೆ.

---

ಹಳೆಯ ಮತಗಟ್ಟೆ (ಮೇ 10)

ಅಭಿನಂದನೆ ಅಮ್ಮಾ. ಆ ಲಕೋಟೆ ಹಿಡಿದು ನಿಂತಿರಲ್ಲ, ಅದನ್ನು ಓದಿ ನನಗೆ 2003 ನೆನಪಾಯಿತು. ಸಿಟಿಜನ್ ಆದ ಮೇಲೆ ನಾನು ಮೊದಲು ಹಾಕಿದ್ದೇ ಗವರ್ನರ್ ಮತ. ಇದ್ದ ಗವರ್ನರ್ ಗ್ರೇ ಡೇವಿಸ್ ಅವರನ್ನು ಅವಧಿಯ ಮಧ್ಯದಲ್ಲೇ ಇಳಿಸಬೇಕೇ ಎಂದು ಜನರನ್ನೇ ಕೇಳಿದ ಚುನಾವಣೆ ಅದು. ಇಳಿಸಿದರೆ ಮುಂದೆ ಯಾರು ಎಂಬುದಕ್ಕೆ 135 ಹೆಸರಿದ್ದವು. ಡೇವಿಸ್ ಇಳಿದರು, ಶ್ವಾರ್ಜನೆಗರ್ ಬಂದರು. ಆಮೇಲೆ ಎಷ್ಟೋ ಚುನಾವಣೆಗಳಲ್ಲಿ ಸನ್ನಿವೇಲ್‌ನ ಮತಗಟ್ಟೆಯಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಗೊಂದಲ ಅಲ್ಲಿಗೆ ಬಂದ ನಮ್ಮವರಲ್ಲಿ ಬಹಳ ಜನಕ್ಕೆ ಇತ್ತು.

ಮೊದಲು ರಾಜ್ಯಪಾಲ ಎಂಬ ಪದವನ್ನು ಪಕ್ಕಕ್ಕಿಡಿ. ಇಲ್ಲಿಯ ಗವರ್ನರನ್ನು ಮುಖ್ಯಮಂತ್ರಿ ಎಂದುಕೊಳ್ಳಿ. ಅದೂ ಸದನದಲ್ಲಿ ಬಹುಮತ ಇಲ್ಲದಿದ್ದರೂ ನಾಲ್ಕು ವರ್ಷ ಕುರ್ಚಿ ಬಿಡಬೇಕಿಲ್ಲದ ಮುಖ್ಯಮಂತ್ರಿ. ನಮ್ಮ ಸಂವಿಧಾನ ಸಭೆಯೂ 1947ರಲ್ಲಿ ರಾಜ್ಯಪಾಲರನ್ನು ಜನರೇ ನೇರವಾಗಿ ಆರಿಸಬೇಕು ಎಂದು ಒಪ್ಪಿತ್ತು. 1949ರ ಮೇ ಕೊನೆಯಲ್ಲಿ ಅದನ್ನು ಕೈಬಿಟ್ಟು ರಾಷ್ಟ್ರಪತಿಗಳೇ ನೇಮಿಸುವುದು ಎಂದು ಮಾಡಿತು. ಜನ ಆರಿಸಿದ ರಾಜ್ಯಪಾಲ ಒಂದು ಕಡೆ, ಶಾಸಕರ ಬಲದ ಮುಖ್ಯಮಂತ್ರಿ ಇನ್ನೊಂದು ಕಡೆ ನಿಂತರೆ ಆಡಳಿತ ನಡೆಯುವುದು ಹೇಗೆ ಎಂಬ ಆತಂಕ ಅದಕ್ಕೆ ಮುಖ್ಯ ಕಾರಣ. ಇಲ್ಲಿ ಆ ಎರಡನೇ ಕುರ್ಚಿಯೇ ಇಲ್ಲ. ಜನರ ಮತವೂ ಆಡಳಿತವೂ ಒಬ್ಬರ ಕೈಯಲ್ಲೇ.

ಆ ಒಬ್ಬರ ಸಹಿಯ ಬೆಲೆ ನಮ್ಮವರಿಗೆ ಗೊತ್ತಿಲ್ಲದ್ದಲ್ಲ. 2023ರಲ್ಲಿ ಜಾತಿ ತಾರತಮ್ಯ ತಡೆಯುವ ಮಸೂದೆ, ಎಸ್‌ಬಿ 403, ಎರಡೂ ಸದನಗಳಲ್ಲಿ ದೊಡ್ಡ ಬಹುಮತದಿಂದ ಪಾಸಾಯಿತು. ಪರವಾಗಿ ವಿರೋಧವಾಗಿ ನಮ್ಮ ಮನೆಗಳಲ್ಲೇ ಎಷ್ಟು ವಾದ ನಡೆಯಿತು ನೆನಪಿಸಿಕೊಳ್ಳಿ. ಅಕ್ಟೋಬರ್ 7ರಂದು ಗವರ್ನರ್ ನ್ಯೂಸಮ್ ವೀಟೊ ಮಾಡಿದರು, ಅಂದರೆ ಸಹಿ ಹಾಕದೆ ತಳ್ಳಿಹಾಕಿದರು, ಈಗಿರುವ ಕಾನೂನಿನಲ್ಲೇ ಅದಕ್ಕೆ ತಡೆ ಇದೆ ಎಂದು ಕಾರಣ ಕೊಟ್ಟರು. ಅಲ್ಲಿಗೆ ಮುಗಿಯಿತು. ಎರಡು ವರ್ಷದ ನಂತರ, 2025ರ ಅಕ್ಟೋಬರಿನಲ್ಲಿ, ದೀಪಾವಳಿಯನ್ನು ರಾಜ್ಯದ ರಜಾದಿನಗಳ ಪಟ್ಟಿಗೆ ಸೇರಿಸುವ ಮಸೂದೆಗೆ ಅದೇ ಕೈ ಸಹಿ ಹಾಕಿತು. ಭಾರತದಲ್ಲಿ ರಾಜ್ಯಪಾಲರು ವಾಪಸ್ ಕಳಿಸಿದ ಮಸೂದೆಯನ್ನು ವಿಧಾನಸಭೆ ಸಾದಾ ಬಹುಮತದಲ್ಲಿ ಮತ್ತೆ ಪಾಸು ಮಾಡಿದರೆ ಒಪ್ಪಿಗೆ ಕೊಡಲೇಬೇಕು. ಇಲ್ಲಿ ವೀಟೊ ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ನಾಲ್ಕು ದಶಕಗಳಿಗೂ ಮೀರಿ ಒಂದು ವೀಟೊವನ್ನೂ ಇಲ್ಲಿಯ ಶಾಸಕರು ಮೀರಿಲ್ಲ. ಬಜೆಟ್ಟಿನಲ್ಲಂತೂ ಮಸೂದೆ ಪೂರ್ತಿ ತಳ್ಳಬೇಕಿಲ್ಲ, ಬೇಡವಾದ ಒಂದೊಂದು ಬಾಬತ್ತನ್ನೇ ಹೊಡೆದುಹಾಕಬಹುದು.

ನಿಮ್ಮ ಮಗಳಿಗೆ ಹೇಳಲು ಉತ್ತರ ಬೇಕಲ್ಲ. ಅವಳು ಮುಂದೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್ಸುಗಳಿಗೆ ಅರ್ಜಿ ಹಾಕುತ್ತಾಳೆ ಎಂದುಕೊಳ್ಳಿ. ಆ ವಿಶ್ವವಿದ್ಯಾಲಯದ ಫೀಸು, ಪ್ರವೇಶದ ನೀತಿ ತೀರ್ಮಾನಿಸುವ ರೀಜೆಂಟ್ಸ್ ಮಂಡಳಿಯಲ್ಲಿ 18 ಜನರನ್ನು ಹೆಸರಿಸುವುದು ಗವರ್ನರ್, ರಾಜ್ಯದ ಮೇಲ್ಮನೆಯಾದ ಸೆನೆಟ್ಟಿನ ಒಪ್ಪಿಗೆಯ ಮೇಲೆ. ಒಬ್ಬೊಬ್ಬರ ಅವಧಿ 12 ವರ್ಷ. ಬರುವ ಜನವರಿಯಲ್ಲಿ ಕುರ್ಚಿಗೆ ಬರುವವರು ಹೆಸರಿಸಿದ ವ್ಯಕ್ತಿ ಅವಳು ಓದು ಮುಗಿಸುವವರೆಗೂ ಆ ಮೇಜಿನಲ್ಲಿ ಕೂತಿರುತ್ತಾರೆ. ದೊಡ್ಡ ಖಾಸಗಿ ಕಂಪನಿಗಳು ವಸೂಲು ಮಾಡುವ ಕರೆಂಟ್ ದರಕ್ಕೆ ಒಪ್ಪಿಗೆ ಕೊಡುವ ಆಯೋಗದ ಐದು ಜನರೂ ಗವರ್ನರ್ ನೇಮಿಸಿದವರೇ, ಆರು ವರ್ಷದ ಅವಧಿಗೆ. ಖಾಲಿ ಬಿದ್ದ ನ್ಯಾಯಾಧೀಶರ ಸ್ಥಾನ ತುಂಬುವುದೂ ಅವರೇ. 2019ರಲ್ಲಿ ಮರಣದಂಡನೆ ಕಾದಿದ್ದ 737 ಕೈದಿಗಳ ಶಿಕ್ಷೆಗೆ ತಡೆ ಬಿದ್ದದ್ದು ಒಂದು ಆದೇಶದಿಂದ. 2020ರ ಮಾರ್ಚ್ 19ರಂದು ಇಡೀ ರಾಜ್ಯ ಮನೆಯೊಳಗಿರಬೇಕು ಎಂದದ್ದೂ ಒಂದು ಆದೇಶವೇ. ಆ ಸಂಜೆ ನೀವೂ ಇಲ್ಲೇ ಇದ್ದಿರಿ.

ಈಗ ಪ್ರೈಮರಿ. ಇದು ಪಕ್ಷದ ಒಳಗಿನ ಆಯ್ಕೆ ಅಲ್ಲ. ಅಧ್ಯಕ್ಷರ ಪ್ರೈಮರಿ ಮಾತ್ರ ಆ ರೀತಿ. 2010ರಲ್ಲಿ ಜನ ಒಪ್ಪಿದ 14ನೇ ಪ್ರಸ್ತಾವನೆಯಿಂದ ಈ ಪದ್ಧತಿ ಬಂತು: ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ, ಎಲ್ಲ ಮತದಾರರಿಗೂ ಅದೇ ಪಟ್ಟಿ, ನೀವು ಪಕ್ಷ ಆರಿಸಿರಲಿ ಬಿಡಲಿ. ಹೆಚ್ಚು ಮತ ಪಡೆದ ಇಬ್ಬರು ನವೆಂಬರ್ 3ಕ್ಕೆ ಹೋಗುತ್ತಾರೆ, ಒಂದೇ ಪಕ್ಷದವರಾದರೂ ಸರಿ. 2016ರ ಅಮೆರಿಕ ಸೆನೆಟ್ ಚುನಾವಣೆಯಲ್ಲಿ ನವೆಂಬರಿನ ಹಾಳೆಯಲ್ಲಿದ್ದದ್ದು ಕಮಲಾ ಹ್ಯಾರಿಸ್ ಮತ್ತು ಲೊರೆಟ್ಟಾ ಸ್ಯಾಂಚೆಜ್, ಇಬ್ಬರೂ ಡೆಮಾಕ್ರಟರು.

ಹೆಸರಿನ ಪಕ್ಕದ ಪಕ್ಷ ನಮ್ಮ ಬಿ ಫಾರಂ ಅಲ್ಲ. ಅಭ್ಯರ್ಥಿ ತನ್ನ ಒಲವು ಎಂದು ತಾನೇ ಬರೆಸಿಕೊಂಡದ್ದು. ಪಕ್ಷ ಅವರನ್ನು ಒಪ್ಪಿದೆ ಎಂದೇನೂ ಅದರಿಂದ ತಿಳಿಯಬೇಕಿಲ್ಲ. ಮತ್ತೆ, ಸ್ನೇಹಿತರು "ಮೇಲಿಂದ ಮೂರನೆಯವರು" ಎಂದು ಫೋನಿನಲ್ಲಿ ಹೇಳಿದರೆ ನಂಬಬೇಡಿ. ಅಕ್ಷರಗಳನ್ನು ಚೀಟಿ ಎತ್ತಿ ಹೆಸರುಗಳ ಸಾಲು ಮಾಡುತ್ತಾರೆ, ಆಮೇಲೆ ಒಂದೊಂದು ಅಸೆಂಬ್ಲಿ ಕ್ಷೇತ್ರಕ್ಕೂ ಅದು ಸರಿಯುತ್ತಾ ಹೋಗುತ್ತದೆ. ಅವರ ಹಾಳೆಯ ಮೂರನೆಯವರು ನಿಮ್ಮ ಹಾಳೆಯಲ್ಲಿ ಇನ್ನೆಲ್ಲೋ ಇರುತ್ತಾರೆ.

---

ದಾರಿಹೋಕ (ಮೇ 10)

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೂ ನನ್ನ ಸಂಕಟ ಹೇಳುತ್ತೇನೆ. 2006ರಲ್ಲಿ ಶ್ವಾರ್ಜನೆಗರ್ ಮತ್ತೆ ಗೆದ್ದದ್ದು ಬಿಟ್ಟರೆ ಆಮೇಲೆ ಇಲ್ಲಿ ರಿಪಬ್ಲಿಕನ್ ಗವರ್ನರ್ ಬಂದಿಲ್ಲ. ಯಾವ ಪಕ್ಷ ಎನ್ನುವುದು ಮೊದಲೇ ತೀರ್ಮಾನವಾದಂತಿರುವಾಗ ನನ್ನ ಒಂದು ಮತ ಏನು ಮಾಡೀತು? ಎರಡು ಸಲ ಲಕೋಟೆ ಬಿಚ್ಚದೆ ಇಟ್ಟಿದ್ದೇನೆ. ಅದಕ್ಕೆ ಬೇಸರವೂ ಇದೆ.

---

ಹಳೆಯ ಮತಗಟ್ಟೆ (ಮೇ 10)

ದಾರಿಹೋಕರೇ, ನವೆಂಬರ್ ಬಗ್ಗೆ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಅದಕ್ಕೇ ಜೂನ್ ಬಿಡಬೇಡಿ ಎನ್ನುವುದು. 2022ರ ಜೂನಿನಲ್ಲಿ ನೋಂದಾಯಿಸಿಕೊಂಡವರಲ್ಲಿ ಮೂರರಲ್ಲಿ ಒಬ್ಬರಷ್ಟೇ ಮತ ಹಾಕಿದ್ದರು. ನವೆಂಬರಿನ ಇಬ್ಬರು ಯಾರು ಎಂದು ಆ ಒಬ್ಬರು ಉಳಿದಿಬ್ಬರ ಪರವಾಗಿಯೂ ತೀರ್ಮಾನ ಮಾಡಿದ ಹಾಗಾಯಿತು.

ಜನ ಬಹಳ ನಿಂತಾಗ ಏನಾಗುತ್ತದೆ ಎಂಬುದಕ್ಕೆ 2012ರ ಸ್ಯಾನ್ ಬರ್ನಾರ್ಡಿನೊ ಕಡೆಯ ಸಂಸತ್ ಕ್ಷೇತ್ರ ನೋಡಿ. ಡೆಮಾಕ್ರಟರ ಕಡೆ ವಾಲಿದ ಕ್ಷೇತ್ರ ಅದು. ಅವರ ಕಡೆಯಿಂದ ನಾಲ್ಕು ಜನ ನಿಂತು ಮತ ಹಂಚಿಹೋಯಿತು. ರಿಪಬ್ಲಿಕನ್ನರಿಂದ ಇಬ್ಬರೇ ನಿಂತಿದ್ದರು, ಇಬ್ಬರೂ ನವೆಂಬರಿಗೆ ಹೋದರು. ಹೆಚ್ಚಿನ ಜನ ಒಪ್ಪುವ ಪಕ್ಷದವರು ಹಾಳೆಯ ಮೇಲೆ ಒಬ್ಬರೂ ಇಲ್ಲ! ನಾಳೆ ಇದೇ ಇನ್ನೊಂದು ಪಕ್ಷಕ್ಕೂ ಆಗಬಹುದು. ಈ ಸಲ ಗವರ್ನರ್ ಸ್ಥಾನಕ್ಕೆ ಹಾಲಿ ಇರುವವರು ನಿಲ್ಲುವಂತಿಲ್ಲ, ಎರಡು ಅವಧಿ ಮುಗಿದಿದೆ. ಬಯಲು ಖಾಲಿ ಇದೆ, ಪಟ್ಟಿ ಉದ್ದವಿದೆ. ಇಂಥ ಸಲವೇ ಸ್ವಲ್ಪ ಮತಗಳ ಅಂತರದಲ್ಲಿ ಎರಡನೆಯವರು ಯಾರು, ಮೂರನೆಯವರು ಯಾರು ಎಂದು ಬದಲಾಗುವುದು. ಲಕೋಟೆ ಬಿಚ್ಚಿ ಸ್ವಾಮಿ. ವಿಳಾಸ ಬದಲಾಗಿದ್ದರೆ ಮೇ 18ರೊಳಗೆ ನೋಂದಣಿ ಸರಿಮಾಡಿಕೊಳ್ಳಿ. ತಪ್ಪಿದರೂ ಚುನಾವಣೆಯ ದಿನವೇ ಮತಗಟ್ಟೆಗೆ ಹೋಗಿ ನೋಂದಾಯಿಸಿ ಮತ ಹಾಕಲು ಅವಕಾಶ ಇದೆ.

---

ಧಾರವಾಡದಾಕಿ (ಮೇ 11)

ಅಕ್ಕಾರ, ನಿಮ್ಮ ಅತ್ತಿಯವರ ಸುದ್ದಿ ಓದಿ ನಮ್ಮವ್ವನ ನೆನಪಾತ್ರಿ. ನಾವು ಫೋಲ್ಸಮ್‌ದಾಗ ಇರತೀವಿ.

ಸಹಾಯ ಮಾಡೋದು ತಪ್ಪಲ್ರಿ. ಓದಲಿಕ್ಕೆ ಬರೆಯಲಿಕ್ಕೆ ಬರದವರು ತಮಗ ಬೇಕಾದವರನ್ನ ಪಕ್ಕದಾಗ ಕೂಡಿಸಿಕೋಬಹುದು ಅಂತ ದೇಶದ ಮತದಾನ ಹಕ್ಕಿನ ಕಾಯ್ದೆದಾಗನ ಅದ. ಅವರ ಮಾಲಕರು, ಯೂನಿಯನ್ ಮಂದಿ ಮಾತ್ರ ಆಗಬಾರದು. ಸೊಸಿ ಆಗಬಹುದು, ಮೊಮ್ಮಗಳೂ ಆಗಬಹುದು. ಲಕೋಟಿ ನೀವು ಒಯ್ದು ಹಾಕೋದಾದ್ರ ಅದರ ಮ್ಯಾಲೆ ನಿಮ್ಮ ಹೆಸರು ಸಹಿಗೂ ಜಾಗಾ ಇರತದ, ತುಂಬ್ರಿ.

ಆದ್ರ ಸಹಿ ವಿಚಾರದಾಗ ಭಾಳ ಹುಷಾರಿ ಇರ್ರಿ. ನಮ್ಮವ್ವ ಐಡಿ ಕಾರ್ಡ್ ಮಾಡಸೋ ಮುಂದ ಇಂಗ್ಲಿಷಿನ್ಯಾಗ ಸಹಿ ಮಾಡಬೇಕೇನೋ ಅಂತ ಹೆದರಿ, ನಾಕು ದಿನ ರೂಢಿ ಮಾಡಿ, ದೊಡ್ಡ ಅಕ್ಷರದಾಗ ತನ್ನ ಹೆಸರು ಬರದಿದ್ಲು. 2024ರಾಗ ಬ್ಯಾಲಟ್ ಬಂದಾಗ ಹುಟ್ಟಿದಾಗಿಂದ ಮಾಡಿದಂಗ ಕನ್ನಡದಾಗ ಸಹಿ ಮಾಡಿಬಿಟ್ಲು. ಹತ್ತು ದಿನಕ್ಕ ಪತ್ರ ಬಂತ್ರಿ, ಸಹಿ ಹೊಂದೂದಿಲ್ಲ ಅಂತ. ಅಕಿ ಭಾಳ ನೊಂದ್ಕೊಂಡ್ಲು. "ನನ್ನ ಹೆಸರು ನಾನ ಬರದೀನಿ, ನಾ ಅಲ್ಲ ಅಂದ್ರ ಹೆಂಗ?" ಅಂದ್ಲು. ಕನ್ನಡದಾಗ ಸಹಿ ಮಾಡೋದು ತಪ್ಪಲ್ಲ, ಅವರ ಕಡೆ ಇರೋ ಸಹಿ ಜೋಡಿ ಕೂಡಬೇಕು, ಅಷ್ಟ. ಹಿಂಗ ಹೊಂದದಿದ್ರ ಮತ ಒಗದು ಬಿಡಂಗಿಲ್ಲ, ತಿಳಿಸಿ ಸರಿ ಮಾಡಲಿಕ್ಕೆ ಅವಕಾಶ ಕೊಡಬೇಕು ಅಂತ ಇಲ್ಲಿ ಕಾನೂನ ಅದ. ಪತ್ರದಾಗಿದ್ದ ಫಾರಂ ತುಂಬಿ ಕಳಿಸಿದ್ವಿ, ಆಮ್ಯಾಲೆ ಎಣಿಕಿ ಆತು. ಅದಕ್ಕ ನಿಮ್ಮ ಅತ್ತಿಯವರ ಐಡಿ ಮ್ಯಾಲಿನ ಸಹಿ ಮೊದಲು ತಗದು ನೋಡ್ರಿ.

ವೇರ್ಸ್ ಮೈ ಬ್ಯಾಲಟ್ ಅಂತ ರಾಜ್ಯದ್ದ ಸೇವಾ ಅದ. ಹೆಸರು ಹಚ್ಚಿದ್ರ ಬ್ಯಾಲಟ್ ಮುಟ್ಟಿತು, ಎಣಿಕಿ ಆತು ಅಂತ ಫೋನಿಗೆ ಮೆಸೇಜ್ ಬರತದ. ಜೂನ್ 2ರೊಳಗ ಅಂಚಿ ಮುದ್ರಿ ಬಿದ್ದು, ಏಳು ದಿನದಾಗ ಮುಟ್ಟಬೇಕು. ಆದ್ರ ಅಂಚಿ ಡಬ್ಬಿಗೆ ಹಾಕಿದ ದಿನಾನ ಮುದ್ರಿ ಬೀಳತದ ಅಂತ ತಿಳಕೋಬ್ಯಾಡ್ರಿ. ಕಡೀ ದಿನಕ್ಕ ಬಿಡದ, ಕೌಂಟಿಯವರ ಬ್ಯಾಲಟ್ ಡಬ್ಬಿಗೇ ಹಾಕ್ರಿ.

ಇನ್ನೊಂದು ಮಾತು. ಓದಿ ಹೇಳೋ ಮುಂದ ನಿಮ್ಮ ದನಿ ಒಂದ ಕಡೆ ವಾಲದಂಗ ನೋಡಿಕೋರಿ. ನಮ್ಮ ಮನ್ಯಾಗ ಮೊದಲನೇ ಸಲ ನಮ್ಮಣ್ಣ "ಇವರಿಗೆ ಹಾಕವ್ವಾ" ಅಂದ, ಅಕಿ ಹಾಕಿದ್ಲು. ಆಮ್ಯಾಲೆ ನನಗಂದ್ಲು, "ಅದು ನನ್ನ ಮತ ಅಲ್ಲವಾ, ನಿಮ್ಮಣ್ಣಂದು ಎರಡಾದ್ವು." ಇವತ್ತಿಗೂ ಅದು ನನ್ನ ಮನಸಿನ್ಯಾಗ ಅದ.

---

ಮಲ್ಲಿಗೆಬಳ್ಳಿ (ಮೇ 17)

ಎಲ್ಲರಿಗೂ ತುಂಬಾ ಧನ್ಯವಾದ. ಏನಾಯಿತು ಎಂದು ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ನಮ್ಮನೆಯವರ ನೋಂದಣಿ ರದ್ದು ಮಾಡಲು ಸೋಮವಾರ ಪತ್ರ ಕೊಟ್ಟೆವು, ಗುರುವಾರ ಲಿಖಿತ ಉತ್ತರ ಬಂತು. ವಕೀಲರನ್ನೂ ನೋಡಿದೆವು. ಸಂದರ್ಶನಕ್ಕೆ ಎಲ್ಲ ಕಾಗದ ಜೋಡಿಸಿಟ್ಟಿದ್ದಾರೆ. ಕಾಗದಪತ್ರ ಅವರೇ, ನೀವು ಅಂದು ರಾತ್ರಿಯೇ ಬರೆಯದಿದ್ದರೆ ನಾವು ಆ ಲಕೋಟೆಯನ್ನು ಹರಿದು ಬುಟ್ಟಿಗೆ ಹಾಕಿ ಮರೆತುಬಿಡುತ್ತಿದ್ದೆವು.

ರಾಜ್ಯದವರು ಕಳಿಸುವ ಮಾಹಿತಿ ಪುಸ್ತಕವನ್ನು ಮೂರು ಸಂಜೆ ಕೂತು ಅತ್ತೆಯವರಿಗೆ ಓದಿ ಹೇಳಿದೆ. ಅಭ್ಯರ್ಥಿಗಳ ಹೇಳಿಕೆ ಒಂದೊಂದೂ ಹೆಚ್ಚೆಂದರೆ 250 ಪದ. ಎಲ್ಲರದೂ ಇಲ್ಲ. ಖರ್ಚಿನ ಮಿತಿಗೆ ಒಪ್ಪಿದವರಿಗಷ್ಟೇ ಅಲ್ಲಿ ಜಾಗ ಕೊಳ್ಳಲು ಅವಕಾಶವಂತೆ. ಹಾಗಾಗಿ ಉಳಿದವರು ಏನು ಹೇಳುತ್ತಾರೆ ಎಂದು ಬೇರೆ ಕಡೆ ಹುಡುಕಿ ಅಷ್ಟೇ ಉದ್ದಕ್ಕೆ ಬರೆದಿಟ್ಟುಕೊಂಡೆ, ಯಾರಿಗೂ ಹೆಚ್ಚು ಕಡಿಮೆ ಆಗಬಾರದು ಎಂದು. ಕನ್ನಡಕ್ಕೆ ತರುವಾಗ ಗೊತ್ತಾಯಿತು, ಎಷ್ಟೋ ಸಾಲುಗಳಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. "ಎಲ್ಲರಿಗೂ ಕೈಗೆಟುಕುವ ಮನೆ" ಎಂದು ಓದಿದಾಗ ಅತ್ತೆಯವರು "ಹೇಗೆ ಮಾಡುತ್ತಾರಂತೆ?" ಎಂದರು. ಮುಂದಿನ ಸಾಲಿನಲ್ಲಿ ಅದಿರಲಿಲ್ಲ. ಕೆಲವರ ಹೇಳಿಕೆಯಲ್ಲಿ ಇತ್ತು. ಅಂಥವರ ಹೆಸರು ಬಂದಾಗ ಇನ್ನೊಮ್ಮೆ ಓದು ಎನ್ನುತ್ತಿದ್ದರು. ರೀಜೆಂಟ್ಸ್ ವಿಷಯವನ್ನು ಮಗಳು ಅವಳ ಅಜ್ಜಿಗೆ ವಿವರಿಸಿದಳು. ಹನ್ನೆರಡು ವರ್ಷ ಎಂದು ಕೇಳಿ ಅತ್ತೆಯವರು ಬೆರಳು ಮಡಿಸಿ ಲೆಕ್ಕ ಹಾಕಿದರು, "ಆಗ ನಿನಗೆ ಇಪ್ಪತ್ನಾಲ್ಕು."

ಐಡಿ ತೆಗೆದು ನೋಡಿದೆವು. ಅವರದು ಅದರಲ್ಲೂ ಕನ್ನಡದ ಸಹಿಯೇ. ಒಂದು ಚಿಂತೆ ಕಳೆಯಿತು.

ಧಾರವಾಡದ ಅಕ್ಕ ಹೇಳಿದ ಆ ಕೊನೆಯ ಮಾತು ನನ್ನನ್ನು ಬಿಟ್ಟಿರಲಿಲ್ಲ. ಚಿಹ್ನೆ ಇಲ್ಲದ ಹಾಳೆ, ನಾನು ಬೆರಳಿಟ್ಟು ತೋರಿಸದೆ ಅವರು ಹಾಕುವುದು ಹೇಗೆ? ದಾರಿ ಅತ್ತೆಯವರಿಗೇ ಹೊಳೆಯಿತು. ಬ್ಯಾಲಟ್ಟಿನಲ್ಲಿ ಇರುವ ಸಾಲಿನಲ್ಲೇ ಎಲ್ಲ ಹೆಸರನ್ನೂ ಕನ್ನಡದಲ್ಲಿ ಬರೆದುಕೊಡು ಎಂದರು. ಒಂದು ಹೆಸರೂ ಬಿಡದೆ, ಅಂಕಣದ ಪಕ್ಕ ಅಂಕಣ, ಮೊದಲಿನಿಂದ ಕೊನೆಯವರೆಗೆ ಅಂಕಿ ಹಾಕಿ ಬರೆದೆ. ಮಗಳು ಒಂದೊಂದನ್ನೂ ಇಂಗ್ಲಿಷ್ ಜೊತೆ ಹೋಲಿಸಿ ಸರಿ ಇದೆ ಎಂದಳು. ನಿನ್ನೆ ಬೆಳಿಗ್ಗೆ ಪೂಜೆ ಮುಗಿಸಿ, ಕನ್ನಡಕ ಹಾಕಿಕೊಂಡು, ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಊಟದ ಮೇಜಿನಲ್ಲಿ ಕೂತರು. ನಮ್ಮಿಬ್ಬರನ್ನೂ ಹೊರಗೆ ಹೋಗಿ ಎಂದರು. ಅರ್ಧ ಗಂಟೆ ಆಯಿತು. ಕರೆದಾಗ ಲಕೋಟೆ ಅಂಟಿಸಿ ಆಗಿತ್ತು, ಸಹಿಯೂ ಆಗಿತ್ತು. ನಾನು ಬರೆದುಕೊಟ್ಟಿದ್ದ ಕನ್ನಡದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಸಿಕ್ಕಿಸಿಕೊಂಡಿದ್ದರು.

ಮಧ್ಯಾಹ್ನ ಮೂವರೂ ಗ್ರಂಥಾಲಯದ ಹತ್ತಿರದ ಬ್ಯಾಲಟ್ ಡಬ್ಬಿಗೆ ಹೋದೆವು. ಅವರ ಲಕೋಟೆ ಅವರೇ ಹಾಕಿದರು, ನನ್ನದು ನಾನು. ಅವರು ಯಾರಿಗೆ ಹಾಕಿದರು ಎಂದು ನನಗೆ ಗೊತ್ತಿಲ್ಲ. ಮಗಳು ದಾರಿಯುದ್ದಕ್ಕೂ ಕೇಳಿದಳು, ಹೇಳಲಿಲ್ಲ.